ಘರ್ಷಣೆ ನಗಣ್ಯವೆಂದು ಭಾವಿಸಿ

ಹನ್ನೆರಡು ಟನ್ನು ಎಂದಿತು ಗಣಿಯ ಚೀಟಿ.
ಹದಿನೆಂಟು ಎಂದಿತು ಟೈರು.
ಸಗಿನ್‌ಬೆಕ್ ಮಾವ ಟೈರಿನ ಮಾತನ್ನೇ ನಂಬುವವನು:
ಒದ್ದು ನೋಡಿ, ಪಕ್ಕಕ್ಕೆ ಉಗುಳಿ, ಬಿಸ್ಮಿಲ್ಲಾ ಅಂದು
ಹತ್ತಿದ. ನಾನೂ ಹತ್ತಿದೆ, ಮಡಿಲಲ್ಲಿ ಭೌತಶಾಸ್ತ್ರ,
ನಾಳಿದ್ದು ನರಿನ್ ಪಟ್ಟಣದಲ್ಲಿ ಪರೀಕ್ಷೆ.

ಹಿಂದೆ ಕಲ್ಲಿದ್ದಲು, ಮುಂದೆ ಹಿಮ ಕಚ್ಚಿದ ದಾರಿ.
ಹಳೆಯ ಕಮಾಜ್ ಏದುಸಿರು ಬಿಡುತ್ತ ಏರಿತು,
ಗಬ್ಬದ ಕುದುರೆ ಹೊಳೆಯ ದಂಡೆ ಹತ್ತುವ ಹಾಗೆ.
ನಿನ್ನೆ ಖಾಲಿ ಬರುವಾಗ ಇದೇ ಏರನ್ನು
ಸಿಳ್ಳೆ ಹಾಕುತ್ತ ಓಡಿತ್ತು.
ಅದೇ ಎಂಜಿನ್ನು, ಒತ್ತಿದ ಅದೇ ಕಾಲು.
“ಬಲ ಅಷ್ಟೇ ಇದ್ದು ದ್ರವ್ಯರಾಶಿ ಹೆಚ್ಚಿದರೆ
ವೇಗೋತ್ಕರ್ಷ ಕಡಿಮೆ,” ಜೋರಾಗಿ ಓದಿದೆ.
“ಇದಕ್ಕೆ ಪುಸ್ತಕ ಬೇಕಿತ್ತೇ, ಬುರುಲ್ಚಾ?
ನಿನ್ನ ಅತ್ತೆಯನ್ನು ಕೇಳು, ಮೂರು ಮಕ್ಕಳ ಕಟ್ಟಿಕೊಂಡು
ಬೆಳಿಗ್ಗೆ ಬಾಗಿಲು ದಾಟಲು ಎಷ್ಟು ಹೊತ್ತು!”

ಮುಂದಿನ ಲೆಕ್ಕ: ಒಂದು ಲಾರಿ. ಒಂದು ಇಳಿಜಾರು.
ಘರ್ಷಣೆಯನ್ನು ನಗಣ್ಯವೆಂದು ಭಾವಿಸಿ.
ಮಾವ ನಗುವುದಕ್ಕೆ ಶುರು ಮಾಡಿದವನು
ಬೆಟ್ಟದ ನೆತ್ತಿಯವರೆಗೂ ನಗುತ್ತಲೇ ಇದ್ದ.
“ಬರೆದವನನ್ನು ಒಮ್ಮೆ ನನ್ನ ಪಕ್ಕ ಕೂರಿಸು.
ಘರ್ಷಣೆ ನಗಣ್ಯವಾಗಿದ್ದರೆ
ಈ ಕಣಿವೆಯಲ್ಲಿ ಗಂಡಸರೇ ಉಳಿಯುತ್ತಿರಲಿಲ್ಲ.”

ನೆತ್ತಿಯಲ್ಲಿ ನಿಲ್ಲಿಸಿ, ಗಾಜಿನ ಮುಂದಿನ ಹಲಗೆಯ ಮೇಲೆ
ಪಿಯಾಲೆಯಿಟ್ಟು ಅರ್ಧಕ್ಕೆ ಚಹಾ ಹೊಯ್ದ.
“ಇದನ್ನೇ ನೋಡುತ್ತಿರು. ರಸ್ತೆ ನನಗೆ ಬಿಡು.”

ಎರಡನೇ ಗೇರು. ಎಂಜಿನ್ನು ಹಲ್ಲು ಕಚ್ಚಿ ಗೊಣಗಿತು.
ಇನ್ನೂ ಏನೂ ಕಾಣಿಸುತ್ತಿರಲಿಲ್ಲ, ಬರೀ ಒಂದು ತಿರುವು,
ಮಂಜಿನಲ್ಲಿ ಅರ್ಧ ಕಂಬ.
ಆಗಲೇ ಅವನ ಕಾಲು ಬ್ರೇಕನ್ನು ಕೇಳತೊಡಗಿತ್ತು,
ಒತ್ತಿ, ಬಿಟ್ಟು, ಒತ್ತಿ, ಬಿಟ್ಟು,
ಹಳೇ ಸಾಲ ತೀರಿಸದೆ ಹೊಸದು ಕೇಳುವವನ ಹಾಗೆ, ಮೆಲ್ಲಗೆ.
ಚಹಾ ಮುಂದಕ್ಕೆ ಬಾಗಿ
ಅಂಚು ಮುಟ್ಟಿ ಹಿಂದೆ ಸರಿಯಿತು.

ತಿರುವು ಕಳೆದರೆ ಕುದುರೆಗಳು.
ನಲವತ್ತೋ ಐವತ್ತೋ, ರಸ್ತೆಯ ತುಂಬ, ಬಾಲ ನಮ್ಮ ಕಡೆಗೆ;
ನಡುವೆ ಬಿಳಿ ಟೋಪಿಯ ಒಬ್ಬ ಹುಡುಗ.
ನಾನು ಕಿರುಚಿದೆ. ಮಾವ ಹಾರ್ನು ಕೂಡ ಒತ್ತಲಿಲ್ಲ.
ಸುಟ್ಟ ಉಣ್ಣೆಯ ವಾಸನೆ ಬಂತು ಚಕ್ರಗಳಿಂದ.
ಹಿಂದಿನ ಕಪ್ಪು ಹೊರೆ
ನಮಗಿಂತ ಮೊದಲು ಊರು ಸೇರುವ ಆಸೆಗೆ
ನಮ್ಮ ಬೆನ್ನಿಗೆ ಹೆಗಲು ಕೊಟ್ಟು ತಳ್ಳಿತು, ತಳ್ಳಿತು.

ನಿಂತಿತು.

ಕೊನೆಯ ಮರಿಯ ಬಾಲಕ್ಕೂ ಬಂಪರಿಗೂ ನಡುವೆ
ನನ್ನ ಪುಸ್ತಕ ಬಿಚ್ಚಿಟ್ಟರೆ ಹಿಡಿಸುವಷ್ಟು ಜಾಗ.
ಪಿಯಾಲೆ ಗಾಜಿಗೆ ಬಡಿದು ಎರಡು ಹೋಳು.
ಚಹಾ ಕೆಳಗಿಳಿಯುತ್ತಿತ್ತು, ಅದಕ್ಕೇನೂ ಅವಸರವಿರಲಿಲ್ಲ.
ಹುಡುಗ ತಿರುಗಿಯೂ ನೋಡಲಿಲ್ಲ.

ಬಹಳ ಹೊತ್ತಿನ ಮೇಲೆ ಮಾವ ಸ್ಟಿಯರಿಂಗಿನಿಂದ
ಒಂದೊಂದೇ ಬೆರಳು ಬಿಡಿಸಿಕೊಂಡ.
“ಚೀಟಿಯಲ್ಲಿ ಎಷ್ಟು ಬರೆದಿತ್ತು?”
“ಹನ್ನೆರಡು.”
“ಹನ್ನೆರಡೇ ಆಗಿದ್ದರೆ
ಪಿಯಾಲೆ ಉಳಿಯುತ್ತಿತ್ತು.”

ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು.
ಘರ್ಷಣೆ ನಗಣ್ಯವೆಂದು ಭಾವಿಸಿದೆ. ಪೂರ್ತಿ ಅಂಕ ಕೊಟ್ಟರು.
ನನ್ನ ಉತ್ತರದ ಪ್ರಕಾರ ಆ ಲಾರಿ
ಇನ್ನೂ ಇಳಿಯುತ್ತಲೇ ಇದೆ.