ಏಣಿಯ ರಿಜಿಸ್ಟರು

ವಾಣಿಜ್ಯ ಮಂಡಳಿ ಅನ್ನುವುದು ಹೆಸರಿಗೆ ದೊಡ್ಡದು.
ಇರುವುದು ನನ್ನ ಕ್ಷೌರದಂಗಡಿಯ ನೆತ್ತಿಯ ಮೇಲೊಂದು ಕೋಣೆ,
ಬಿಸಿಯಾಗಲು ಮನಸ್ಸಿಲ್ಲದ ಹೀಟರು,
ನಲವತ್ತೊಂದು ಸದಸ್ಯರ ಪಟ್ಟಿ.
ಅದರಲ್ಲಿ ಮೂವರು ತೀರಿಕೊಂಡಿದ್ದಾರೆ,
ಹೆಸರು ಹೊಡೆಯಲು ಕಾರ್ಯದರ್ಶಿ ಓಡಿಲ್‌ಗೆ ಕೈ ಬಾರದು.
ಮತ್ತೆ, ಒಂದು ಏಣಿ.

ಹದಿನಾರು ಅಡಿ, ಅಲ್ಯೂಮಿನಿಯಂ, ಎಂಟನೆಯ ಮೆಟ್ಟಿಲು ಸೊಟ್ಟ.
ಏಣಿ ನನ್ನ ಹಿಂಬಾಗಿಲಲ್ಲಿ,
ರಿಜಿಸ್ಟರು ನನ್ನ ಬಾಚಣಿಗೆಗಳ ಪಕ್ಕದಲ್ಲಿ.
ಒಯ್ಯುವವರು ಹೆಸರು ಬರೆಯಬೇಕು, ಕಾರಣ ಬರೆಯಬೇಕು.
ಮಂಡಳಿಯ ನಿಯಮಗಳಲ್ಲಿ ಎಲ್ಲರೂ ಪಾಲಿಸುವುದು ಇದೊಂದೇ.

‘ತಾನೂಸ್, ಬೂಟು ರಿಪೇರಿ: ಬೋರ್ಡಿನ ಅಕ್ಷರವೊಂದು ಜೋತುಬಿದ್ದಿದೆ.’
‘ಗ್ಲೆಂಡಾ, ಹೂವಿನಂಗಡಿ: ಸೂರಿನಲ್ಲಿ ಹಿಮದ ಕೋಲು.’
‘ಮತ್ತೆ ತಾನೂಸ್: ಈಗ ಇನ್ನೊಂದು ಅಕ್ಷರ.’
‘ರೋಮುಲೋ, ಬ್ರೆಡ್ಡಿನಂಗಡಿ: ಕೆಂಪು ಬಣ್ಣ ಬಳಿಯಲು.’
ಎರಡು ವಾರದ ಮೇಲೆ, ‘ರೋಮುಲೋ: ಹಳದಿ. ಹೆಂಡತಿ.’
ನೋವಾ ಸ್ಕೋಶಿಯದ ಗಾಳಿ ಬೋರ್ಡು ಓದುವುದಿಲ್ಲ, ಕೀಳುತ್ತದೆ.

ಸಭೆ ತಿಂಗಳ ಎರಡನೆಯ ಮಂಗಳವಾರ.
ನಾನು ಮೆಟ್ಟಿಲು ಹತ್ತುವುದಿಲ್ಲ, ಮಂಡಿ ಬಿಡದು;
ತಲೆಯ ಮೇಲಿನ ಹಲಗೆಗಳೇ ನನಗೆ ವರದಿ ಒಪ್ಪಿಸುತ್ತವೆ.
ಕುರ್ಚಿ ಕಿರ್ರೆಂದರೆ ಯಾರೋ ಆಕ್ಷೇಪಿಸಲು ಎದ್ದರು.
ದಬದಬ ಅಂದರೆ ದೀಪದ ಸರದ ಜಗಳ:
ನೀಲಿಯೋ ಬಿಳಿಯೋ, ಎರಡು ಗಂಟೆ ಹತ್ತು ನಿಮಿಷ.
ಏನೂ ಕೇಳಿಸದಿದ್ದರೆ
ಯಾರದೋ ಬಾಡಿಗೆ ಬಾಕಿಯ ಮಾತು.

ಅದು ನನಗೆ ಮೊದಲೇ ಗೊತ್ತಿರುತ್ತದೆ.
ವ್ಯಾಪಾರ ಇಳಿದರೆ ಕೂದಲೂ ಇಳಿಯುತ್ತದೆ,
ಕಿವಿ ದಾಟಿ ಕಾಲರಿನ ತನಕ.
ಮೂರು ವಾರಕ್ಕೆ ಬರುವವರು ಏಳಾದರೂ ಬಾರದಿದ್ದರೆ
ಪೊರಕೆಯ ಹಿಡಿಯಿಂದ ಮೇಲಕ್ಕೆ ಎರಡು ಸಲ ಕುಟ್ಟುತ್ತೇನೆ.
ಓಡಿಲ್ ಇಳಿದು ಬರುತ್ತಾಳೆ. ಹೆಸರು ಹೇಳುವುದಿಲ್ಲ ನಾನು,
ಬೀದಿಯ ಯಾವ ಕಡೆ ಅಂತ ಗದ್ದ ತಿರುಗಿಸುತ್ತೇನೆ, ಅಷ್ಟೇ.

ಸೇತುವೆ ಮುಚ್ಚಿದ ವರ್ಷ ಇಡೀ ಬೀದಿಗೆ ಕೂದಲು ಬೆಳೆಯಿತು.
ಒಂದು ಪೌಂಡು ಮೊಳೆಗಾಗಿ
ನಲವತ್ತು ಕಿಲೋಮೀಟರು ಸುತ್ತಿ ಆಚೆ ದಡದವರು ಯಾಕೆ ಬಂದಾರು?
ಓಡಿಲ್ ಹಳದಿ ಚೀಟಿ ಅಚ್ಚು ಹಾಕಿಸಿದಳು,
ಐದು ಡಾಲರಿನದು, ನಮ್ಮ ಬೀದಿಯಲ್ಲಿ ಮಾತ್ರ ಚಲಾವಣೆ.
ಶನಿವಾರಕ್ಕೆ ಕ್ಲೋವಿಸನ ಲಾಬ್‌ಸ್ಟರ್ ದೋಣಿ ಗೊತ್ತುಮಾಡಿದಳು.
ಗಿರಾಕಿಗಳು ಬಂದರು, ಮೀನು ನಾರುತ್ತ, ನಗುತ್ತ.
ನನಗೆ ಬಂದ ಚೀಟಿ ತಾನೂಸನಿಗೆ ಹೋಯಿತು,
ಬೂಟಿನಿಂದ ಬ್ರೆಡ್ಡಿಗೆ, ಬ್ರೆಡ್ಡಿನಿಂದ ಹೂವಿಗೆ.
ಹನ್ನೊಂದನೆಯ ದಿನ ಅದೇ ಚೀಟಿ ನನ್ನ ಗಲ್ಲಾಪೆಟ್ಟಿಗೆಗೆ,
ಮೂಲೆಯಲ್ಲಿ ಹಿಟ್ಟು, ಬೆನ್ನಿಗೆ ಪಾಲಿಶ್ಶು.

ಮೊಳೆ ಮಾರುವವನ ಹತ್ತಿರ ಅದು ಹೋಗಿರಲಿಲ್ಲ.

ಮಾರ್ಚಿನಲ್ಲಿ ಎಫ್ರೆಮ್ ಬಂದ, ಹಾರ್ಡ್‌ವೇರಿನವನು,
ಈ ಏಣಿಯನ್ನು ಅಸಲು ಬೆಲೆಗೆ ಮಂಡಳಿಗೆ ಮಾರಿದವನು,
ಮೆಟ್ಟಿಲು ಸೊಟ್ಟವೆಂದು ಇವತ್ತಿಗೂ ಒಪ್ಪದವನು.
ರಿಜಿಸ್ಟರಿನಲ್ಲಿ ಬರೆದ: ‘ಬೋರ್ಡು ಇಳಿಸಲು.’
ಮೊದಲು ಕೂತುಕೋ ಅಂದೆ.
ಕಾಲರಿನ ಮೇಲಿದ್ದ ಮೂರು ತಿಂಗಳನ್ನು ತೆಗೆದೆ.
ದುಡ್ಡು ನಾನು ಕೇಳಲಿಲ್ಲ, ಅವನು ಜೇಬು ಮುಟ್ಟಲಿಲ್ಲ.

ಅವತ್ತು ಮಂಗಳವಾರವಲ್ಲ, ಆದರೂ ಬೀದಿಯಲ್ಲಿ ಕೋರಮ್ಮು.
ಆರು ಮಂದಿ ಏಣಿ ಹಿಡಿದರು, ಇಬ್ಬರು ಸಾಕಿತ್ತು.
ಯಾರೂ ಏನೂ ಮಂಡಿಸಲಿಲ್ಲ.
‘ಎಂಟನೆಯದು, ಎಂಟನೆಯದು ನೋಡಿಕೋ’ ಅನ್ನುತ್ತಿದ್ದಳು ಓಡಿಲ್.
ಏಣಿ ಮರಳಿಸಿದ ತಾರೀಕನ್ನು ಅವನು ತುಂಬಲಿಲ್ಲ.
ನಾನೂ ಆ ಜಾಗವನ್ನು ಹಾಗೇ ಬಿಟ್ಟೆ.

ಸೇತುವೆ ತೆರೆದ ಮೇಲೆ, ಆಗಸ್ಟಿನಲ್ಲಿ,
ಇರುವೆ ಸಾಲಿನಂಥ ಕೈಬರಹ:
‘ಮಾರ್ವಾ, ಸೈಕಲ್ ರಿಪೇರಿ, ಎಫ್ರೆಮರ ಹಳೆಯ ಅಂಗಡಿ.
ಬೋರ್ಡು ಹಾಕಲು. ಇನ್ನೂ ಸದಸ್ಯಳಲ್ಲ, ಪರವಾಗಿಲ್ಲವೇ?’
ಸಂಜೆ ಏಣಿ ಮರಳಿತು,
ಎಂಟನೆಯ ಮೆಟ್ಟಿಲು ನೆಟ್ಟಗೆ.

ನಾವು ಮಾತ್ರ ಈಗಲೂ
ಏಳರಿಂದ ಒಂಬತ್ತಕ್ಕೇ ಕಾಲಿಡುತ್ತೇವೆ.