ದಿಬ್ಬ ತೆಗೆದ ಜಾಗ

ಈ ಮೈದಾನ ನಮ್ಮದಲ್ಲ, ಬೇಸ್‌ಬಾಲಿನವರದು.
ನಾವು ಶನಿವಾರ ಸಂಜೆಯ ಬಾಡಿಗೆದಾರರು.
ಶುಕ್ರವಾರ ರಾತ್ರಿ ಅವರ ಆಟ ಮುಗಿದು
ಕಡಲೆಕಾಯಿ ಸಿಪ್ಪೆಯನ್ನೆಲ್ಲ ಗುಡಿಸಿದ ಮೇಲೆ
ಗುದ್ದಲಿ, ತಳ್ಳುಗಾಡಿ, ಡ್ವೇನ್, ನಾನು.
ಚೆಂಡೆಸೆಯುವವನು ನಿಲ್ಲುವ ಹತ್ತಿಂಚು ದಿಬ್ಬವನ್ನು
ಅಗೆದು, ಮಟ್ಟ ಮಾಡಿ,
ಹುಲ್ಲಿನ ಸುರುಳಿ ಬಿಚ್ಚಿ ಹಾಸಿ, ತುಳಿದು,
ಬೆಳಗಿನ ಜಾವ ಮೂರಕ್ಕೆ ಬಿಳಿ ಗೆರೆ ಎಳೆಯುತ್ತೇವೆ.
ಸೋಮವಾರ ಮತ್ತೆ ದಿಬ್ಬ.
ಏಪ್ರಿಲಿನಿಂದ ಸೆಪ್ಟೆಂಬರಿನ ತನಕ ಹೀಗೆ ಹದಿಮೂರು ಸಲ.
ನೆಲಕ್ಕೂ ಬೇಜಾರು ಬರುತ್ತದೆ, ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಮಾರ್ಚಿನ ಮೊದಲ ಪಂದ್ಯಕ್ಕೆ ಈರಿ ಸರೋವರದ ಕಡೆಯಿಂದ ಹಿಮ.
ಕಿತ್ತಳೆ ಬಣ್ಣದ ಚೆಂಡು ತಂದರು.
ಗೋಲ್‌ಕೀಪರ್ ಕರ್ವಿನ್, ಟೊಬೇಗೊ ದ್ವೀಪದವನು,
ಕೈಗವಸಿನೊಳಗೆ ಇನ್ನೊಂದು ಕೈಗವಸು ತೊಟ್ಟು
ಕಂಬಕ್ಕೆ ಒರಗಿ ತನ್ನಷ್ಟಕ್ಕೇ ಬೈದುಕೊಳ್ಳುತ್ತಿದ್ದ.
ಎರಡು ಸಾವಿರದ ನೂರು ಜನ, ಅಂದಿತು ಫಲಕ.
ನಾನು ಎಣಿಸಿದ್ದು ಮುನ್ನೂರ ನಲವತ್ತು.
ಮಿಕ್ಕವರು ಟಿಕೆಟ್ಟಿನೊಳಗೇ ಕೂತಿದ್ದರು.

ಏಪ್ರಿಲಿನಲ್ಲಿ ಸೋತೆವು. ಮೇ ತಿಂಗಳಲ್ಲೂ ಸೋತೆವು,
ಒಮ್ಮೆಯಂತೂ ಪೆನಾಲ್ಟಿಯನ್ನು ಪಾರ್ಕಿಂಗ್ ಜಾಗಕ್ಕೆ ಹೊಡೆದು
ಯಾರದೋ ಕಾರಿನ ಗಾಜು ಒಡೆದು ಸೋತೆವು.
ಜೂನಿನಲ್ಲಿ ಏಕೋ ಗೆಲ್ಲತೊಡಗಿದೆವು.
ಕಾರಣ ತಿಯೋಡ್ರೋಸ್, ಹತ್ತೊಂಬತ್ತರ ಹುಡುಗ.
ತಾಯಿ ಕೊಲಂಬಸ್ಸಿನಲ್ಲಿ ಇಂಜೆರಾ ಮಾರುವವಳು,
ಬುಟ್ಟಿ ತುಂಬ ತಂದು ಡೋಲಿನವರಿಗೆಲ್ಲ ಹಂಚುತ್ತಿದ್ದಳು.
ಅವನ ಕಾಲಿಗೆ ಚೆಂಡು ಸಿಕ್ಕರೆ
ಡೋಲಿನವರು ಕೋಲು ಎತ್ತಿದವರು ಎತ್ತಿದ ಹಾಗೇ.
ಜುಲೈನಲ್ಲಿ ದೊಡ್ಡ ಲೀಗಿನವರು ಬಂದರು, ಸೂಟು ಹಾಕಿಕೊಂಡು.
ಆ ದುಡ್ಡಲ್ಲಿ ನನಗೊಂದು ಹೊಸ ಪಂಪು ಕೊಡಿಸುತ್ತೇವೆಂದರು.
ಪಂಪು ಬರಲಿಲ್ಲ. ಇಂಜೆರಾ ಬರುವುದೂ ನಿಂತಿತು.

ಡ್ವೇನನ ಭಾವ ಇಂಗ್ಲೆಂಡಿನವನು. ಅಲ್ಲಿ, ಅನ್ನುತ್ತಾನೆ,
ಕೊನೆಗೆ ಬಂದವರು ಕೆಳಗಿನ ಲೀಗಿಗೆ ಇಳಿಯುತ್ತಾರೆ,
ಊರಿಗೆ ಊರೇ ಅಳುತ್ತದೆ.
ಇಲ್ಲಿ ಯಾರೂ ಇಳಿಯುವುದಿಲ್ಲ.
ಬೀಳುವುದಕ್ಕೂ ಒಂದು ಮೆಟ್ಟಿಲು ಬೇಕು.
ಇಲ್ಲಿ ಮಾರುತ್ತಾರೆ, ಇಲ್ಲವೇ ಮುಚ್ಚುತ್ತಾರೆ,
ಕಪಾಟಿನಲ್ಲಿ ಶಾಲು ಮಾತ್ರ ಉಳಿಯುತ್ತದೆ.
ನನ್ನ ಹತ್ತಿರ ಸತ್ತ ತಂಡಗಳ ಶಾಲು ಮೂರಿವೆ,
ಚಳಿಗೆ ಎಲ್ಲವೂ ಒಂದೇ.

ಆಗಸ್ಟ್. ಎಡಗಡೆ, ಗೆರೆಯಿಂದ ಹನ್ನೊಂದು ಹೆಜ್ಜೆ ಒಳಗೆ,
ದಿಬ್ಬ ತೆಗೆದ ಜಾಗ. ಹುಲ್ಲು ಹುಲ್ಲಿಗೆ ಕೂಡುವ ಹೊಲಿಗೆ.
ಎಂಬತ್ತೆಂಟನೇ ನಿಮಿಷ, ಸಾದಾ ಚೆಂಡೊಂದು ಉರುಳಿ ಬಂದು
ಆ ಹೊಲಿಗೆಗೆ ಎಡವಿ
ಓಸ್ಮಾನನ ಕಾಲ ಮೇಲಿಂದ ಕಪ್ಪೆಯ ಹಾಗೆ ಹಾರಿತು.
ಅವರ ಹುಡುಗ ಹಿಂದೆಯೇ ಇದ್ದ.
ಪತ್ರಿಕೆ ಬರೆಯಿತು: ಓಸ್ಮಾನ್ ಸೆಲಾಯನ ತಪ್ಪು.
ಬೆಳಿಗ್ಗೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ
ಸಂಜೆ ಇಲ್ಲಿ ಓಡುವವನು. ನಾನು ಬಾಯಿ ಬಿಡಲಿಲ್ಲ.

ಮಾರನೆಯ ಸಂಜೆ ಅವನೇ ಬಂದ, ಕಾಲಲ್ಲಿ ಚಪ್ಪಲಿ, ಭುಜಕ್ಕೆ ಐಸು.
ಕುಕ್ಕರಗಾಲಲ್ಲಿ ಕೂತು ಹೊಲಿಗೆಯೊಳಗೆ ಬೆರಳು ಇಳಿಸಿದ.
ನಾನು ತಪ್ಪೊಪ್ಪಿಕೊಳ್ಳಲು ಮಾತು ಜೋಡಿಸುತ್ತಿದ್ದೆ.
“ನೀರು ಸಾಲದು, ವರ್ನಾ,” ಅಂದ.
“ನಮ್ಮಪ್ಪ ಹೊಂಡುರಾಸಿನಲ್ಲಿ ಇದೇ ಕೆಲಸ ಮಾಡುತ್ತಿದ್ದ.
ಅಂಚಿಗೆ ಮೊದಲು ಹಾಕಬೇಕು, ನಡುವಿಗೆ ಆಮೇಲೆ.”
ಎದ್ದು ಹೋದ. ನಾನು ಕೊಳವೆ ತಂದೆ.

ಅಕ್ಟೋಬರಿನಲ್ಲಿ ಒಂದು ಅಂಕ ಕಡಿಮೆ ಬಿತ್ತು.
ಅದು ಎಲ್ಲಿ ಬಿತ್ತೆಂದು ನನಗೆ ಗೊತ್ತು.
ಆ ಕಾರಿನ ಗಾಜಿನ ಹತ್ತಿರವೂ ಹುಡುಕು, ಅನ್ನುತ್ತಾನೆ ಡ್ವೇನ್.
ಮುಂದಿನ ವರ್ಷದ ಬಗ್ಗೆ ಮಾಲೀಕರ ಕಾಗದದಲ್ಲಿ
‘ಪರಿಶೀಲನೆ’ ಎಂಬ ಮಾತು ನಾಲ್ಕು ಸಲ ಇದೆ.

ಬೇಸ್‌ಬಾಲಿನವರು ಸೆಪ್ಟೆಂಬರಿನಲ್ಲೇ ಮನೆಗೆ ಹೋದರು.
ಐದು ವಾರದಿಂದ ಆ ಜಾಗವನ್ನು ಯಾರೂ ಅಗೆದಿಲ್ಲ.
ಗೋಲಿನ ಬಲೆ ಬಿಚ್ಚಿ ಮಡಿಸಿಟ್ಟು
ಹೊರಡುವ ಮುನ್ನ ಬಗ್ಗಿ
ಹುಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆಳೆದೆ.
ಬರಲಿಲ್ಲ.
ಡ್ವೇನ್ ಲಾರಿಯ ಹಾರ್ನು ಒತ್ತುತ್ತಿದ್ದ.
ಇನ್ನೊಮ್ಮೆ ಎಳೆದೆ.