ಮೂಗಗಂಟೆ

ಮೊದಲ ಸಲ ಕೈಗೆ ಕೊಟ್ಟಾಗ
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು
ವಿನಿಫ್ರೆಡ್ ಟ್ಯಾಸ್ಕರ್.
ಒಂದು ಕೇಜಿಯ ನೇರಳೆ ಡಂಬೆಲ್ಲು.
ವ್ಯಾಯಾಮ ಮಾಡಿಸುವ ಹುಡುಗ ಡರ್ಮಟ್ ನಕ್ಕ:
ಇದು ಗಿಲಕಿಯಲ್ಲ, ಅಜ್ಜಿ.

ನಾನು ನಗಲಿಲ್ಲ.
ಸಫೊಕ್ಕಿನ ನಮ್ಮ ಚರ್ಚಿನ ಗೋಪುರದಲ್ಲಿ
ಆರು ಗಂಟೆ, ಆರು ಹಗ್ಗ, ಆರು ಜನ.
ನಲವತ್ತೊಂದು ವರ್ಷ ಐದನೆಯ ಹಗ್ಗ ಅವಳದು,
ಈಚೆಗೆ ಮೂರನೆಯದು ನನ್ನದು.
ಈ ಪದದ ಹುಟ್ಟು ಹೇಳಿಕೊಟ್ಟವಳೂ ಅವಳೇ,
ಸುರುಳಿ ಮೆಟ್ಟಿಲಲ್ಲಿ ಕೂತು, ಫ್ಲಾಸ್ಕಿನ ಚಹಾ ಸುರಿಯುತ್ತ.

ಚಿಕ್ಕಂದಿನಲ್ಲಿ ನನಗದು ಡಂಬದ ಬೆಲ್ಲ:
ಕನ್ನಡಿ ಮುಂದೆ ತೋಳುಬ್ಬಿಸುವ ಸೋದರಮಾವ
ಗುಟ್ಟಾಗಿ ನೆಕ್ಕುವ ಏನೋ ಒಂದು.
ಅಲ್ಲ, ಎಂದಿದ್ದಳು. ಡಂಬ್ ಅಂದರೆ ಮೂಗ,
ಬೆಲ್ ಅಂದರೆ, ಅಗೋ, ಮೇಲೆ ತೂಗುತ್ತಿದೆಯಲ್ಲ.
ಮುನ್ನೂರು ವರ್ಷದ ಕೆಳಗೆ ದೊಡ್ಡವರ ಮನೆಯ ಅಟ್ಟದಲ್ಲಿ
ಮರದ ಉರುಳೆ, ಅದಕ್ಕೆ ಸೀಸದ ತಲೆಯ ಕಬ್ಬಿಣದ ತೋಳು,
ಅಲ್ಲಿಂದ ಇಳಿಬಿಟ್ಟ ಹಗ್ಗ. ಎಳೆದರೆ
ಭುಜ ನೋಯುತ್ತಿತ್ತು, ಉಸಿರು ಉಬ್ಬಸ ಬರುತ್ತಿತ್ತು,
ಸದ್ದು ಮಾತ್ರ ಇಲ್ಲ.
ಹೊಸಬರು ಕಲಿಯುವಾಗ ಊರ ನಿದ್ದೆ ಕೆಡದಿರಲೆಂದು,
ಅಂತಲೂ ಹೇಳುತ್ತಾರೆ; ನಂಬು, ಬಿಡು.
ಆಮೇಲೆ ಉರುಳೆ ಹೋಯಿತು, ಹಗ್ಗ ಹೋಯಿತು,
ಹೆಸರೊಂದು ಉರುಳಿಕೊಂಡು ಬಂದು
ಅಂಗೈಯೊಳಗಿನ ಕಬ್ಬಿಣಕ್ಕೆ ಅಂಟಿತು.

ನಿಮ್ಮ ಭಾಷೆಯಲ್ಲಿ ಬೆಲ್ಲಿಗೆ ಏನಂತೀರಿ?
ಗಂಟೆ, ಎಂದೆ. ಅರವತ್ತು ನಿಮಿಷಕ್ಕೂ ಅದೇ.
ಹಾಗಾದರೆ ಯಾರೂ ಮಾತಾಡದ ಹೊತ್ತೂ
ಮೂಗಗಂಟೆಯೇ ಆಯಿತಲ್ಲ, ಎಂದು
ಖುಷಿಪಟ್ಟಿದ್ದಳು, ಬಿಸ್ಕತ್ತು ಮುರಿದು.

ಮಾರ್ಚಿಯಲ್ಲಿ ಲಕ್ವ ಹೊಡೆಯಿತು.
ಬಲಗೈ ಹೋಯಿತು, ಮಾತೂ.
ನಾಲಿಗೆಯಲ್ಲಿ ಉಳಿದದ್ದು ಒಂದೇ: ಇರಲಿ ಬಿಡು.
ಚಹಾ ಬೇಕೇ ಎಂದರೂ ಇರಲಿ ಬಿಡು,
ನೋವೇ ಎಂದರೂ, ನಾನು ಯಾರು ಎಂದರೂ.

ಇವತ್ತು ಡರ್ಮಟ್ ಎಣಿಸುತ್ತಿದ್ದಾನೆ: ಒಂದು, ಎರಡು, ಮೂರು.
ಅವಳ ತುಟಿ ಬೇರೇನೋ ಎಣಿಸುತ್ತಿದೆ.
ಬಗ್ಗಿ ಕೇಳಿದ:
ಎರಡು, ಒಂದು, ನಾಲ್ಕು, ಮೂರು, ಆರು, ಐದು.
ಹಾಳೆಯಲ್ಲಿ ಬರೆದುಕೊಂಡ: ಎಣಿಕೆ ತಪ್ಪುತ್ತಿದೆ.

ತಪ್ಪಿಲ್ಲ ಮಾರಾಯ.
ಆರು ಗಂಟೆಗಳು ಪಕ್ಕದವರೊಡನೆ ಜಾಗ ಬದಲಿಸುತ್ತಿವೆ,
ಒಂದು ಸಾಲು ಮುಗಿಯಿತು, ಇದೋ ಮುಂದಿನದು:
ಎರಡು, ನಾಲ್ಕು, ಒಂದು, ಆರು...
ನೇರಳೆ ತುಂಡು ಗಲ್ಲದ ತನಕ ಎದ್ದು
ನಡುಗುತ್ತ ನಿಂತಿದೆ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ
ಇಲ್ಲದ ಹಗ್ಗ ಎಳೆದೆ. ಮೂರು, ಎಂದಳು.
ಈಗ ಐದಕ್ಕೆ ಕಾಯುತ್ತಿದ್ದೇನೆ.